ಹಿತ್ತಲ ಕಾಯುವ ಹುಳುಗಳು

ಪಪ್ಪಾಯಿ ಎಲೆಯನ್ನು ಮಗುಚಿ ನೋಡಿ. ನರದ ಗುಂಟ ಬಿಳಿ ಹಿಟ್ಟು ತಿಗಣೆ ಗುಂಪುಗಟ್ಟಿ ಕೂತಿರುತ್ತದೆ. ಆ ಗುಂಪಿನ ನಡುವೆ ಅದಕ್ಕಿಂತ ದಪ್ಪನೆಯ, ಮೈತುಂಬ ಬಿಳಿ ಮೇಣದ ಎಳೆಗಳು ಜೋತಾಡುವ ಇನ್ನೊಂದು ಹುಳು ಕಂಡರೆ ಹೆಚ್ಚಿನವರು ಅದನ್ನೇ ಮೊದಲು ಹೊಸಕಿ ಹಾಕುತ್ತಾರೆ. ದೊಡ್ಡದಿದೆ, ಇದೇ ತಾಯಿ ಇರಬೇಕು ಎಂಬ ಲೆಕ್ಕ. ಒಂದು ನಿಮಿಷ ಸುಮ್ಮನೆ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ತಿಗಣೆ ಕೂತಲ್ಲಿಂದ ಅಷ್ಟಾಗಿ ಕದಲುವುದಿಲ್ಲ. ಈ ಹುಳು ಮಾತ್ರ ತಿಗಣೆಯ ಮೊಟ್ಟೆ ಮರಿಗಳನ್ನು ತಿನ್ನುತ್ತ ಎಲೆಯ ತುಂಬ ಓಡಾಡುತ್ತದೆ. ಇದು ಕ್ರಿಪ್ಟೋಲೀಮಸ್ ಎಂಬ ಗುಲಗಂಜಿ ಹುಳುವಿನ ಮರಿ. ಬೆಳೆದ ಮೇಲೆ ಕಂದುಗಪ್ಪು ಬೆನ್ನು, ಕಿತ್ತಳೆ ತಲೆಯ ಪುಟ್ಟ ದುಂಬಿಯಾಗುತ್ತದೆ. ತವರು ಆಸ್ಟ್ರೇಲಿಯಾ. ಕಾಫಿ ಗಿಡದ ಹಸಿರು ಶಲ್ಕ ಕೀಟವನ್ನು ಹದ್ದುಬಸ್ತಿಗೆ ತರಲೆಂದು 1898ರಲ್ಲಿ ಭಾರತಕ್ಕೆ ತಂದದ್ದು ಇಲ್ಲೇ ನೆಲೆ ನಿಂತಿತು.

ನಮ್ಮ ಪರವಾಗಿ ಕೆಲಸ ಮಾಡುವ ಹುಳುವನ್ನು ನಾವೇ ಕೊಲ್ಲುತ್ತಿದ್ದೇವೆ. ಹಿತ್ತಲ ಕೈತೋಟದ ಮಟ್ಟಿಗೆ ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿಲ್ಲ.

ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಓಡಾಡುವವರಿಗೆ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿ ಎಂದರೆ ಉತ್ಸವ ರಾಕ್ ಗಾರ್ಡನ್, 2011ರಲ್ಲಿ ಶುರುವಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ. ಹೆದ್ದಾರಿ ಬಿಟ್ಟು ಒಳಗೆ ಹೋದರೆ ಈ ಸೀಮೆಯೆಲ್ಲ ಗೋವಿನಜೋಳ, ಹತ್ತಿ, ಮೆಣಸಿನಕಾಯಿಯ ಹೊಲ. ಮನೆಯ ಹಿಂದೆ ನಾಲ್ಕು ಬದನೆ, ಒಂದಷ್ಟು ಮೆಣಸಿನ ಗಿಡ, ಬೇಲಿಗೆ ಹಬ್ಬಿದ ಹೀರೆ ಮತ್ತು ಅವರೆ, ಬಚ್ಚಲ ನೀರು ಹರಿಯುವಲ್ಲಿ ಪಪ್ಪಾಯಿ, ಪಕ್ಕದಲ್ಲಿ ಕರಿಬೇವು. ಹಾನಗಲ್, ಸವಣೂರು, ಹಿರೇಕೆರೂರು ಕಡೆಯೂ ಹೆಚ್ಚುಕಡಿಮೆ ಇದೇ ಹಿತ್ತಲು. ಹೊಲಕ್ಕೂ ಹಿತ್ತಲಿಗೂ ನಡುವೆ ಇರುವ ಒಂದು ರೂಢಿ ಮಾತ್ರ ನನ್ನನ್ನು ಬಹಳ ಕಾಡುತ್ತದೆ. ಹತ್ತಿಗೋ ಗೋವಿನಜೋಳಕ್ಕೋ ತಂದ ಎಣ್ಣೆಯಲ್ಲಿ ಸ್ವಲ್ಪ ಉಳಿದಿರುತ್ತದೆ, ಪಂಪೂ ಬೆನ್ನ ಮೇಲೇ ಇರುತ್ತದೆ. 'ಆ ಬದನೀಗೂ ಒಂದು ಕೈ ಹೊಡದಬಿಡು' ಎಂಬ ಮಾತು ಬರುತ್ತದೆ. ಹೊಲದ ಬೆಳೆ ಕೊಯ್ಲಿಗೆ ಬರಲು ವಾರಗಳು ಬೇಕು. ಹಿತ್ತಲ ಬದನೆಯನ್ನು ಮರುದಿನ ಬೆಳಿಗ್ಗೆಯೇ ಕೊಯ್ದು ಎಣ್ಣೆಗಾಯಿ ಮಾಡುತ್ತಾರೆ. ಮಕ್ಕಳು ಉಣ್ಣುವ ಗಿಡಕ್ಕೆ ಹೊಲದ ವಿಷ ತಾಗಬಾರದು. ಈ ವಿಷಯದಲ್ಲಿ ನನಗೆ ಎರಡನೇ ಮಾತಿಲ್ಲ.

ಹಾಗಾದರೆ ಹೇನಿಗೆ, ನುಸಿಗೆ ಏನು ಮಾಡಬೇಕು? ಮೊದಲು ಅವು ಬೆಳೆಯುವ ಬಗೆ ತಿಳಿಯಬೇಕು. ಅವರೆಯ ಕುಡಿಗೆ ಮುತ್ತುವ ಕಪ್ಪು ಹೇನಿಗೆ ಗಂಡಿನ ಹಂಗಿಲ್ಲ, ಮೊಟ್ಟೆ ಇಡುವ ಗೋಜಿಲ್ಲ. ಹೆಣ್ಣು ನೇರವಾಗಿ ಮರಿ ಹಾಕುತ್ತದೆ, ಆ ಮರಿ ಸುಮಾರು ಒಂದು ವಾರದಲ್ಲಿ ತಾನೇ ಮರಿ ಹಾಕಲು ಶುರು ಮಾಡುತ್ತದೆ. ಅದನ್ನು ತಿನ್ನುವ ಗುಲಗಂಜಿ ಹುಳು ಮೊಟ್ಟೆಯಿಂದ ದುಂಬಿಯಾಗಲು ಎರಡು ಮೂರು ವಾರ ಹಿಡಿಯುತ್ತದೆ. ಹಾಗಾಗಿ ಹೇನು ಮೊದಲು ಬರುತ್ತದೆ, ಅದನ್ನು ತಿನ್ನುವವರು ತಡವಾಗಿ ಬರುತ್ತಾರೆ. ಕುಡಿಯೆಲ್ಲ ಕಪ್ಪಾಗಿ ಅಂಟಂಟಾದಾಗ ನಾವು ಗಾಬರಿಯಾಗಿ ಪಂಪು ಎತ್ತಿಕೊಳ್ಳುವುದು ಸರಿಯಾಗಿ ಈ ನಡುವಿನ ದಿನಗಳಲ್ಲೇ. ಆಗ ಹೇನೂ ಸಾಯುತ್ತದೆ, ಆಗಷ್ಟೇ ಬಂದು ಮೊಟ್ಟೆ ಇಟ್ಟ ಗುಲಗಂಜಿಯೂ ಸಾಯುತ್ತದೆ. ಎಲೆಯ ಮಡಿಕೆಯಲ್ಲಿ ಬದುಕುಳಿದ ನಾಲ್ಕೇ ಹೇನು ಮತ್ತೆ ಹಿಂಡಾಗುತ್ತವೆ, ಈ ಸಲ ತಡೆಯುವವರಿಲ್ಲ. 'ಎಣ್ಣೆ ಹೊಡೆದಷ್ಟೂ ಹುಳ ಜಾಸ್ತಿ' ಎಂದು ರೈತರು ಹೇಳುವುದರ ಹಿಂದೆ ಇರುವ ಕಾರಣಗಳಲ್ಲಿ ಇದು ಮುಖ್ಯವಾದದ್ದು.

ಆದ್ದರಿಂದ ಹೇನು ಕಂಡ ದಿನ ತಣ್ಣೀರನ್ನು ಜೋರಾಗಿ ಎರಚಿ ಉದುರಿಸಿ, ತೀರಾ ಮುತ್ತಿದ ಕುಡಿಯನ್ನು ಚಿವುಟಿ ತೆಗೆಯಿರಿ, ಆಮೇಲೆ ಹತ್ತು ದಿನ ಕಾಯಿರಿ. ಕಾಯುವಾಗ ದಿನಕ್ಕೊಮ್ಮೆ ಎಲೆ ಮಗುಚುತ್ತಿರಿ. ಕೆಂಪು ಬೆನ್ನಿನ ಗುಲಗಂಜಿಯನ್ನು ಎಲ್ಲರೂ ಗುರುತಿಸುತ್ತಾರೆ. ಅದರ ಮರಿಯನ್ನು ಗುರುತಿಸುವವರು ಕಡಿಮೆ. ಬೂದುಗಪ್ಪು ಮೈ, ಅಲ್ಲಲ್ಲಿ ಹಳದಿ ಕಲೆ, ಆರು ಕಾಲು, ಮುಳ್ಳುಮುಳ್ಳು ಬೆನ್ನು. ಮೊಸಳೆಯ ಮರಿಯನ್ನು ಉಗುರಿನಷ್ಟಕ್ಕೆ ಕುಗ್ಗಿಸಿದ ಹಾಗೆ. ದುಂಬಿಯಾಗುವ ಹೊತ್ತಿಗೆ ನೂರಾರು ಹೇನು ತಿಂದಿರುತ್ತದೆ. ಎಲೆಯ ಮೇಲೆ ಕೂದಲೆಳೆಯಂಥ ಕಾಂಡದ ತುದಿಯಲ್ಲಿ ಒಂದೊಂದೇ ಮೊಟ್ಟೆ ನಿಂತಿದ್ದರೆ ಅದನ್ನು ಬೂಷ್ಟು ಎಂದು ಒರೆಸಬೇಡಿ. ಅದು ಹಸಿರು ಜಾಲರೆಕ್ಕೆಯ ಕೀಟದ್ದು. ಕ್ರೈಸೊಪರ್ಲಾ ಎಂದು ಕೃಷಿ ವಿಶ್ವವಿದ್ಯಾಲಯದವರು ಹೇಳುವುದು ಈ ಜಾತಿಯ ಒಂದು ಕೀಟವನ್ನೇ. ಹೇನಿನ ಗುಂಪಿನಲ್ಲಿ ಕಾಲಿಲ್ಲದ ಹಸಿರು ಹುಳು ತೆವಳುತ್ತಿದ್ದರೆ ಅದು ಸಿರ್ಫಿಡ್ ನೊಣದ ಮರಿ ಇರಬಹುದು. ಅದರ ಆಹಾರವೂ ಹೇನೇ.

ಇವೆಲ್ಲ ಹಿಡಿದು ತಿನ್ನುವ ಜಾತಿ. ಇನ್ನೊಂದು ಜಾತಿ ಒಳಗಿನಿಂದ ತಿನ್ನುತ್ತದೆ. ಹೇನಿನ ಗುಂಪಿನಲ್ಲಿ ಕೆಲವು ಉಬ್ಬಿ, ಹೊಳಪಿನ ಕಂದು ಬಣ್ಣಕ್ಕೆ ತಿರುಗಿ, ಎಲೆಗೆ ಅಂಟಿಕೊಂಡಿರುತ್ತವೆ. ಅವು ಸತ್ತ ಹೇನು. ಎರಡು ಮಿಲಿಮೀಟರಿನ ಕಣಜವೊಂದು ಹೇನಿನೊಳಗೆ ಮೊಟ್ಟೆ ಚುಚ್ಚಿರುತ್ತದೆ, ಮರಿ ಒಳಗಿನದನ್ನೆಲ್ಲ ತಿಂದು ಸಿಪ್ಪೆಯನ್ನಷ್ಟೇ ಉಳಿಸಿರುತ್ತದೆ. ಬೆನ್ನಿನಲ್ಲಿ ದುಂಡನೆಯ ತೂತು ಕಂಡರೆ ಕಣಜ ಆಗಲೇ ಹೊರಬಿದ್ದು ಮುಂದಿನ ಹೇನು ಹುಡುಕುತ್ತಿದೆ ಎಂದರ್ಥ. ಇಂಥ ಉಬ್ಬಿದ ಹೇನು ಹತ್ತಾರು ಕಂಡ ಗಿಡಕ್ಕೆ ಇನ್ನೇನೂ ಮಾಡಬೇಕಿಲ್ಲ. ಹಾಗೆಯೇ ಎಲೆ ತಿನ್ನುವ ಹುಳುವಿನ ಮೈಮೇಲೆ ಬಿಳಿ ಗೂಡುಗಳು ಅಂಟಿದ್ದರೆ ಅವು ಹುಳುವಿನ ಮೊಟ್ಟೆಗಳಲ್ಲ, ಅದರೊಳಗಿಂದ ಹೊರಬಂದ ಕಣಜದ ಕೋಶಗಳು. ಆ ಹುಳು ಹೇಗೂ ಸಾಯುತ್ತದೆ. ಅದನ್ನು ಹಾಗೇ ಬಿಟ್ಟರೆ ಕಣಜಗಳು ಉಳಿಯುತ್ತವೆ.

ಕಣ್ಣಿಗೆ ಕಾಣದಷ್ಟು ಸಣ್ಣ ಕಣಜದಿಂದ ಏನಾದೀತು ಎನ್ನುವವರಿಗೆ ಪಪ್ಪಾಯಿಯ ಕಥೆಯೇ ಉತ್ತರ. ಮೆಕ್ಸಿಕೊ ಕಡೆಯ ಪಪ್ಪಾಯಿ ಹಿಟ್ಟು ತಿಗಣೆ 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡಿತು. ಅಲ್ಲಿಂದ ಕರ್ನಾಟಕಕ್ಕೂ ದಾಟಿ ಪಪ್ಪಾಯಿಯ ಜತೆ ಹಿಪ್ಪುನೇರಳೆಗೂ ಬಿತ್ತು. ಮೇಣದ ಹೊದಿಕೆ ಇರುವುದರಿಂದ ಔಷಧಿ ಅದರ ಮೈಗೆ ಇಳಿಯುವುದಿಲ್ಲ. ರೇಷ್ಮೆ ಹುಳುವಿಗೆ ಹಾಕುವ ಸೊಪ್ಪಿಗೆ ವಿಷ ಹೊಡೆಯುವಂತೆಯೂ ಇಲ್ಲ. ಬೆಂಗಳೂರಿನ ಕೀಟ ಸಂಪನ್ಮೂಲ ಸಂಸ್ಥೆ, ಎಂದರೆ ಈಗ ಎನ್‌ಬಿಎಐಆರ್ ಎಂದು ಕರೆಯುವ ಸಂಸ್ಥೆ, 2010ರಲ್ಲಿ ಪೋರ್ಟೊರಿಕೊದಿಂದ ಅಸಿರೋಫೇಗಸ್ ಪಪಾಯೆ ಎಂಬ ಕಣಜವನ್ನು ತರಿಸಿ, ಸಾಕಿ, ತಮಿಳುನಾಡು, ಕರ್ನಾಟಕ ಮತ್ತಿತರ ರಾಜ್ಯಗಳ ತೋಟಗಳಿಗೆ ಬಿಟ್ಟಿತು. ತಿಂಗಳುಗಳಲ್ಲೇ ತಿಗಣೆ ಹಿಡಿತಕ್ಕೆ ಬಂತು. ಹಿತ್ತಲ ಪಪ್ಪಾಯಿಯಲ್ಲಿ ಇಂದು ತಿಗಣೆ ಕಂಡರೂ ಗಿಡ ಉಳಿಯುತ್ತದೆ ಎಂದಾದರೆ ಅದರಲ್ಲಿ ಈ ಕಣಜದ ಪಾಲಿರುತ್ತದೆ.

ಹಾವೇರಿ ಜಿಲ್ಲೆಯವರು ಮರೆಯಲಾಗದ ಇನ್ನೊಂದು ಹುಳು ಗೋವಿನಜೋಳದ ಸುಳಿ ಕೊರೆಯುವ ಫಾಲ್ ಸೈನಿಕ ಹುಳು, ನಮ್ಮವರ ಬಾಯಲ್ಲಿ ಲದ್ದಿ ಹುಳು. 2018ರ ಮೇ ತಿಂಗಳಲ್ಲಿ ದೇಶದಲ್ಲೇ ಮೊದಲು ಇದು ಪತ್ತೆಯಾದದ್ದು ಪಕ್ಕದ ಶಿವಮೊಗ್ಗದಲ್ಲಿ. ಹೊಸದಾಗಿ ಬಂದ ಹುಳುವಿಗೆ ಇಲ್ಲಿ ವೈರಿಗಳೇ ಇಲ್ಲ ಎಂದುಕೊಂಡಿದ್ದರೆ, ಅದೇ ವರ್ಷ ಕರ್ನಾಟಕದ ಹೊಲಗಳಲ್ಲಿ ಹುಡುಕಿದ ವಿಜ್ಞಾನಿಗಳಿಗೆ ಅದರ ಮೊಟ್ಟೆಯನ್ನು ಕೆಡಿಸುವ ಟೆಲಿನೋಮಸ್, ಟ್ರೈಕೋಗ್ರಾಮಾ ಕಣಜಗಳು, ಮರಿಯೊಳಗೆ ಬೆಳೆಯುವ ಬೇರೆ ಕಣಜಗಳು, ಹುಳುವನ್ನೇ ಒಣಗಿಸುವ ನೊಮುರಿಯಾ ಶಿಲೀಂಧ್ರ ಎಲ್ಲವೂ ಸಿಕ್ಕವು. ನಮ್ಮ ನೆಲದ ಕೀಟಗಳು ಹೊಸ ಶತ್ರುವನ್ನು ಇಷ್ಟು ಬೇಗ ಗುರುತಿಸಿಕೊಂಡವು.

ಇವನ್ನು ಉಳಿಸಿಕೊಳ್ಳಲು ಖರ್ಚಿಲ್ಲ. ಕಣಜ, ಸಿರ್ಫಿಡ್ ನೊಣಗಳು ದೊಡ್ಡವಾದ ಮೇಲೆ ಮಕರಂದ, ಪರಾಗದ ಮೇಲೆ ಬದುಕುತ್ತವೆ. ಅವುಗಳ ಬಾಯಿ ಗಿಡ್ಡ, ಆಳದ ಹೂವಿನಿಂದ ಹೀರಲಾರವು. ಅವಕ್ಕೆ ಹೇಳಿ ಮಾಡಿಸಿದ್ದು ಕೊತ್ತಂಬರಿ, ಸಬ್ಬಸಗಿಯ ತೆರೆದ ಹೂಗೊಂಚಲು. ಪಲ್ಯಕ್ಕೆಂದು ಮಡಿಯನ್ನು ಪೂರ್ತಿ ಕೀಳದೆ ಒಂದು ಮೂಲೆಯಲ್ಲಿ ಐದಾರು ಗಿಡ ಹೂವಿಗೆ ಬಿಡಿ. ಬೇಲಿಯಂಚಿಗೆ ಜೋಳವೋ ಸಜ್ಜೆಯೋ ನಾಲ್ಕು ಗಿಡ, ನಡುನಡುವೆ ಚೆಂಡು ಹೂ, ತುಳಸಿ ಇರಲಿ. ಅಕ್ಕಡಿ ಸಾಲು ಹಾಕುತ್ತಿದ್ದ ಸೀಮೆ ಇದು. ಒಂದೇ ಬೆಳೆಯ ನಡುವೆ ಬೇರೆ ಸಾಲು ಬಿತ್ತುವುದು ನಮಗೆ ಹೊಸ ಪಾಠವಲ್ಲ.

ಇರುವೆಯನ್ನು ಮಾತ್ರ ತಡೆಯಲೇಬೇಕು. ಹೇನು, ತಿಗಣೆಗಳು ಸೂಸುವ ಸಿಹಿ ಅಂಟಿಗಾಗಿ ಇರುವೆಗಳು ಅವನ್ನು ಕಾಯುತ್ತವೆ, ಗುಲಗಂಜಿ ಬಂದರೆ ಕಚ್ಚಿ ಓಡಿಸುತ್ತವೆ. ಪಪ್ಪಾಯಿ, ದಾಸವಾಳದ ಕಾಂಡಕ್ಕೆ ಬಟ್ಟೆಯ ಪಟ್ಟಿ ಸುತ್ತಿ ಅದರ ಮೇಲೆ ಗ್ರೀಸ್ ಬಳಿದರೆ ಇರುವೆ ಹತ್ತುವುದಿಲ್ಲ. ಗಿಡದ ಕೊಂಬೆ ಗೋಡೆಗೋ ಬೇಲಿಗೋ ತಾಗಿರಬಾರದು, ಇಲ್ಲದಿದ್ದರೆ ಅಲ್ಲಿಂದ ದಾರಿ ಮಾಡಿಕೊಳ್ಳುತ್ತವೆ. ಈ ಒಂದು ಕೆಲಸದಿಂದಲೇ ಹಿಟ್ಟು ತಿಗಣೆ ಅರ್ಧ ಸೋಲುತ್ತದೆ.

ಎಳ್ಳ ಅಮಾವಾಸ್ಯೆಗೆ ಹೊಲದ ತುಂಬ ಚರಗ ಚೆಲ್ಲುವಾಗ ಹಕ್ಕಿಗಳು ಬರುತ್ತವೆ, ಬಂದ ಹಕ್ಕಿ ಕಡಲೆಯ ಕಾಯಿಕೊರಕವನ್ನೂ ಹೆಕ್ಕುತ್ತದೆ ಎಂದು ಹಿರಿಯರು ಹೇಳುತ್ತಾರೆ. ಹೊಲದಲ್ಲಿ ನಮಗಲ್ಲದೆ ಬೇರೆಯವರಿಗೂ ಪಾಲಿದೆ ಎಂದು ಒಪ್ಪಿಕೊಂಡ ಆಚರಣೆ ಅದು. ಹುಳುಹುಪ್ಪಟೆಯ ಬಗ್ಗೆ ಈ ಸೀಮೆಯ ಅಜ್ಜಿಯರಿಗೆ ಇರುವ ತಿಳಿವಳಿಕೆಯನ್ನು ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯವೂ ಕೃಷಿ ವಿಜ್ಞಾನಿಗಳೂ ಜತೆಗೂಡಿ ಬರೆದಿಟ್ಟರೆ ಎರಡೂ ಕಡೆಗೆ ಲಾಭ.

ಎಲ್ಲ ಕೀಟಕ್ಕೂ ಇದೇ ಮದ್ದು ಎಂದು ನಾನು ಹೇಳಲಾರೆ. ಬದನೆಯ ಕುಡಿ ಮತ್ತು ಕಾಯಿ ಕೊರಕ ಒಳಗೆ ಸೇರಿಬಿಡುವುದರಿಂದ ಬಾಡಿದ ಕುಡಿಯನ್ನು ಕತ್ತರಿಸಿ ಸುಡಲೇಬೇಕು. ಹೀರೆಕಾಯಿಗೆ ಕೂರುವ ಹಣ್ಣುನೊಣಕ್ಕೆ ಮೋಹಕ ಬಲೆ ಬೇಕು. ತೀರಾ ಕೈಮೀರಿದರೆ ಶೇಕಡಾ 5ರ ಬೇವಿನ ಬೀಜದ ಕಷಾಯವನ್ನು ಸಂಜೆ ಹೊತ್ತು, ಮುತ್ತಿದ ಗಿಡಕ್ಕೆ ಮಾತ್ರ ಸಿಂಪಡಿಸಿ. ದುಡ್ಡು ಕೊಟ್ಟು ತರುವ ಟ್ರೈಕೋ ಕಾರ್ಡುಗಳು ಹೊಲಕ್ಕೆ ಒಳ್ಳೆಯವು. ಅಕ್ಕಿ ಪತಂಗದ ಮೊಟ್ಟೆಯಲ್ಲಿ ಬೆಳೆಸಿದ ಕಣಜಗಳನ್ನು ಹೊತ್ತ ಆ ಕಾರ್ಡಿನ ತುಂಡನ್ನು ಬಿಸಿಲು ತಾಗದಂತೆ ಎಲೆಯ ಅಡಿಗೆ ಸಿಕ್ಕಿಸಬೇಕು. ಅದಕ್ಕೆ ಮುಂಚೆ ಅಥವಾ ನಂತರ ಎಣ್ಣೆ ಹೊಡೆದರೆ ದುಡ್ಡು ದಂಡ. ನಾಲ್ಕು ಗಿಡದ ಹಿತ್ತಲಿಗೆ ಇದರ ಅಗತ್ಯ ಕಾಣುವುದಿಲ್ಲ. ಹೂ ಇದ್ದು ವಿಷ ಇಲ್ಲದಿದ್ದರೆ ಬೇಕಾದವು ತಾವೇ ಬರುತ್ತವೆ.

ಗುರುತು ಸಿಗದ ಹುಳು ಕಂಡರೆ ಹೊಸಕುವ ಮೊದಲು ಎಲೆಸಮೇತ ಒಂದು ಡಬ್ಬಿಗೆ ಹಾಕಿ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸಿ. ಹೋಗಲಾಗದವರು ಕಿಸಾನ್ ಕಾಲ್ ಸೆಂಟರಿನ 1800-180-1551 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲೇ ಕೇಳಬಹುದು, ಅದಕ್ಕೆ ಹಣ ಕೊಡಬೇಕಿಲ್ಲ.