ಸವೆದ ಚಿಲಕ, ಸಡಿಲ ಹಿಡಿಕೆ: ಬಾಗಿಲಿನ ದುರಸ್ತಿ ನೀವೇ ಮಾಡಿರಿ

ನೇಗಿಲಿನ ಕುಳ ಸವೆದರೆ ಕಮ್ಮಾರನ ಕುಲುಮೆಗೆ ಒಯ್ಯುತ್ತೀರಿ. ಪಂಪಿನ ವಾಷರು ಹೋದರೆ ಅದೇ ದಿನ ಪೇಟೆಗೆ ಹೋಗಿ ಹೊಸದು ತರುತ್ತೀರಿ. ಆದರೆ ಕೊಟ್ಟಿಗೆ ಬಾಗಿಲಿನ ಚಿಲಕ ಸವೆದರೆ ಏನು ಮಾಡುತ್ತೀರಿ? ಒಂದು ಕಡ್ಡಿ ಸಿಕ್ಕಿಸುತ್ತೀರಿ, ಇಲ್ಲವೇ ಒಂದು ತುಂಡು ತಂತಿ ಸುತ್ತುತ್ತೀರಿ. ಆ ಕಡ್ಡಿ ವರ್ಷಗಟ್ಟಲೆ ಅಲ್ಲಿಯೇ ಇರುತ್ತದೆ.

ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಕೊಟ್ಟಿಗೆಗೂ ಅಂಥದೇ ಒಂದು ಕಡ್ಡಿ ಇತ್ತು. ಅಗಳಿ ಕೂರುವ ಕೊಂಡಿ ಸವೆದು ಅಗಲವಾಗಿತ್ತು. ನಾಳೆ ಮಾಡಿಸೋಣ ಎನ್ನುತ್ತ ಎರಡು ಸುಗ್ಗಿ ಕಳೆದಿದ್ದವು. ಮುಂಗಾರು ಕೈಕೊಟ್ಟ ವರ್ಷ ಅದು. ಒಂದು ರಾತ್ರಿ ಕರೆಯುವ ಹಸು ಬಾಗಿಲಿಗೆ ಮೈ ಉಜ್ಜಿತು. ಕಡ್ಡಿ ಮುರಿಯಿತು. ಹಸು ಹೊರಬಿದ್ದು, ಮೊಣಕಾಲುದ್ದಕ್ಕೇ ಬಾಡಿ ನಿಂತಿದ್ದ ಎಳೆ ಜೋಳಕ್ಕೆ ನುಗ್ಗಿ ಮೇಯಿತು. ಬೆಳಿಗ್ಗೆ ನಾವು ಹುಡುಕಿಕೊಂಡು ಹೋದಾಗ ಬದುವಿನ ಮೇಲೆ ಸತ್ತು ಬಿದ್ದಿತ್ತು. ಎಳೆಯ ಜೋಳವನ್ನು, ಅದರಲ್ಲಿಯೂ ನೀರಿಲ್ಲದೆ ಸೊರಗಿದ ಪೈರನ್ನು ದನ ಅಗಿದಾಗ ಹೈಡ್ರೋಸಯನಿಕ್ ಆಮ್ಲವೆಂಬ ಘೋರ ವಿಷ ಹೊರಬರುತ್ತದೆ. ಇದು ನಿಮಗೆ ತಿಳಿದ ವಿಷಯವೇ. ನಮ್ಮ ತಂದೆಗೂ ತಿಳಿದಿತ್ತು. ಆ ಕೊಂಡಿ ಕೊಳ್ಳಲು ಆಗ ಒಂದೆರಡು ರೂಪಾಯಿ ಸಾಕಾಗುತ್ತಿತ್ತು.

ಚಿಲಕ, ಹಿಡಿಕೆ ಬದಲಾಯಿಸುವುದಕ್ಕೆ ಬಡಗಿಯನ್ನೇ ಕಾಯಬೇಕಾಗಿಲ್ಲ. ಒಂದು ಸ್ಕ್ರೂಡ್ರೈವರ್, ಸುತ್ತಿಗೆ, ಇಕ್ಕಳ, ಅರ್ಧ ಅಂಗುಲದ ಉಳಿ, ಕೈ ಬೈರಿಗೆ, ಒಂದು ಅರ, ಇಷ್ಟು ಇದ್ದರೆ ಅರ್ಧ ದಿನದ ಕೆಲಸ.

ಮೊದಲು ದೋಷ ಎಲ್ಲಿದೆ ನೋಡಿರಿ

ಚಿಲಕ ಬೀಳುತ್ತಿಲ್ಲವೆಂದರೆ ಚಿಲಕವೇ ಕೆಟ್ಟಿದೆ ಎಂದು ತಿಳಿಯಬೇಡಿರಿ. ಬಹಳ ಸಲ ಕೆಟ್ಟಿರುವುದು ಮೇಲಿನ ಕೀಲು. ಉತ್ತರ ಕರ್ನಾಟಕದ ಕಡೆ ಇದನ್ನು ಬಿಜಾಗರಿ ಎನ್ನುತ್ತಾರೆ. ಅದರ ಸ್ಕ್ರೂ ಸಡಿಲವಾದರೆ ಕದ ಮುಂದಕ್ಕೆ ಜೋತು, ಅಗಳಿಯು ಕೊಂಡಿಗಿಂತ ಕೆಳಗೆ ಬರುತ್ತದೆ. ಬಾಗಿಲನ್ನು ಅರ್ಧ ತೆರೆದು, ಹಿಡಿಕೆಯಿರುವ ಅಂಚನ್ನು ಎರಡೂ ಕೈಯಿಂದ ಮೇಲಕ್ಕೆ ಎತ್ತಿ ನೋಡಿರಿ. ಅಲುಗಾಡಿದರೆ ಮೊದಲು ಕೀಲನ್ನು ಭದ್ರಪಡಿಸಿರಿ. ಎಷ್ಟೋ ಮನೆಗಳಲ್ಲಿ ಅಷ್ಟಕ್ಕೇ ಹಳೆಯ ಚಿಲಕ ಸರಿಯಾಗಿ ಬೀಳುತ್ತದೆ, ಹೊಸದರ ಖರ್ಚು ಉಳಿಯುತ್ತದೆ.

ಕೀಲು ಗಟ್ಟಿಯಿದ್ದೂ ಅಗಳಿ ಕೂರದಿದ್ದರೆ, ಅಗಳಿಯ ತುದಿಗೆ ಸ್ವಲ್ಪ ಸೀಮೆಸುಣ್ಣ ಅಥವಾ ಮಸಿ ಹಚ್ಚಿ, ಬಾಗಿಲು ಮುಚ್ಚಿ, ಅಗಳಿಯನ್ನು ಒತ್ತಿರಿ. ಚೌಕಟ್ಟಿನ ಮೇಲೆ ಗುರುತು ಬೀಳುತ್ತದೆ. ತೂತಿಗೂ ಗುರುತಿಗೂ ಎಷ್ಟು ವ್ಯತ್ಯಾಸವಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ಒಂದೆರಡು ಮಿಲಿಮೀಟರ್ ಇದ್ದರೆ ತೂತಿನ ಅಂಚನ್ನು ಅರದಿಂದ ಉಜ್ಜಿದರೆ ಸಾಕು. ಹೆಚ್ಚಿದ್ದರೆ ಕೊಂಡಿಯನ್ನೇ ಕಿತ್ತು ಹೊಸ ಜಾಗದಲ್ಲಿ ಕೂರಿಸಬೇಕು. ನೆಲಕ್ಕೆ ಇಳಿಯುವ ಅಗಳಿಯಾದರೆ ಹೊಸ್ತಿಲಿನ ಕುಳಿಯಲ್ಲಿ ಮಣ್ಣು ತುಂಬಿದೆಯೇ ಎಂದು ಮೊದಲು ನೋಡಿರಿ. ಇದನ್ನು ನೋಡದೆ ಅಗಳಿಯ ತುದಿಯನ್ನೇ ಕತ್ತರಿಸಿಕೊಂಡವರನ್ನು ನಾನು ಕಂಡಿದ್ದೇನೆ.

ಮಳೆಗಾಲದಲ್ಲಿ ಮರ ನೀರು ಹೀರಿ ಉಬ್ಬುತ್ತದೆ. ಆಗ ಬಿಗಿಯಾಯಿತೆಂದು ಕದವನ್ನು ಹೆರೆದರೆ ಬೇಸಿಗೆಯಲ್ಲಿ ಬೆರಳು ತೂರುವಷ್ಟು ಸಂದು ಬೀಳುತ್ತದೆ. ಮಲೆನಾಡಿನವರು ಇದನ್ನು ಮುಖ್ಯವಾಗಿ ಗಮನಿಸಬೇಕು. ಸುಗ್ಗಿ ಮುಗಿದು ಮರ ಒಣಗಿರುವ ಫೆಬ್ರವರಿ, ಮಾರ್ಚ್ ತಿಂಗಳುಗಳು ಈ ಕೆಲಸಕ್ಕೆ ತಕ್ಕ ಕಾಲ.

ಹಳೆಯದನ್ನು ಕೀಳುವುದು

ತುಕ್ಕು ಹಿಡಿದ ಸ್ಕ್ರೂ ತಿರುಗದಿದ್ದರೆ ಬಲ ಹಾಕಬೇಡಿರಿ, ತಲೆ ಮುರಿಯುತ್ತದೆ. ಹಿಂದಿನ ಸಂಜೆಯೇ ಸ್ಕ್ರೂ ತಲೆಯ ಸುತ್ತ ನಾಲ್ಕು ಹನಿ ಡೀಸೆಲ್ ಬಿಟ್ಟಿರಿ. ಬೆಳಿಗ್ಗೆ ಹ್ಯಾಕ್ಸಾ ಬ್ಲೇಡಿನ ತುಂಡಿನಿಂದ ತಲೆಯ ಗೀರನ್ನು ಶುಚಿ ಮಾಡಿ, ಸ್ಕ್ರೂಡ್ರೈವರ್ ಇಟ್ಟು ಅದರ ಹಿಡಿಯ ಮೇಲೆ ಸುತ್ತಿಗೆಯಿಂದ ಒಂದೆರಡು ಸಲ ಚುರುಕಾಗಿ ತಟ್ಟಿರಿ. ಬಳಿಕ ಬಿಚ್ಚುವ ಮೊದಲು ಕೂದಲೆಳೆಯಷ್ಟು ಬಿಗಿಮಾಡಿರಿ. ತುಕ್ಕಿನ ಹಿಡಿತ ಬಿಟ್ಟುಹೋಗಿ ಆಮೇಲೆ ಸುಲಭವಾಗಿ ಹಿಂದಕ್ಕೆ ತಿರುಗುತ್ತದೆ.

ಹಳೆಯ ಮನೆಗಳ ಸರಪಳಿ ಚಿಲಕದ ಕೊಂಡಿಗೆ ಸ್ಕ್ರೂ ಇರುವುದಿಲ್ಲ. ಅದರ ಎರಡು ಕಾಲು ಮರದ ಮೂಲಕ ಹಾದು ಒಳಗಡೆ ಮಡಿಚಿರುತ್ತವೆ. ಒಳಗಿನಿಂದ ಇಕ್ಕಳದಲ್ಲಿ ಕಾಲುಗಳನ್ನು ನೆಟ್ಟಗೆ ಮಾಡಿ, ಒಳಗಿನಿಂದಲೇ ಹೊರಕ್ಕೆ ತಟ್ಟಬೇಕು. ಹೊರಗಿನಿಂದ ಎಳೆದರೆ ಹಲಗೆ ಸೀಳುತ್ತದೆ.

ದೊಡ್ಡದಾದ ತೂತಿಗೆ ಮದ್ದು

ಹೊಸ ಚಿಲಕ ಹಾಕಿದ ಆರು ತಿಂಗಳಿಗೇ ಸಡಿಲವಾಯಿತು ಎಂದು ಹೇಳುವವರು ಸಾಮಾನ್ಯವಾಗಿ ಹಳೆಯ ತೂತಿಗೇ ಹೊಸ ಸ್ಕ್ರೂ ತಿರುಗಿಸಿರುತ್ತಾರೆ. ಬೆಂಕಿಕಡ್ಡಿ ತುರುಕಿದರೂ ಅದು ನಾಲ್ಕು ದಿನದ ಮಾತು. ಸರಿಯಾದ ಕ್ರಮ ಹೀಗಿದೆ: ಹಳೆಯ ತೂತನ್ನು ಬೈರಿಗೆಯಿಂದ ೮ ಅಥವಾ ೧೦ ಮಿ.ಮೀ.ಗೆ ಅಗಲ ಮಾಡಿ ಕೊಳೆತ ಮರವನ್ನು ತೆಗೆಯಿರಿ. ಒಣಗಿದ ಗಟ್ಟಿ ಮರದಲ್ಲಿ ಅದೇ ಗಾತ್ರದ ಗೂಟ ಕೆತ್ತಿ, ಮರದ ಅಂಟು ಸವರಿ, ತೂತಿಗೆ ಬಡಿಯಿರಿ. ಒಂದು ರಾತ್ರಿ ಒಣಗಲು ಬಿಟ್ಟು, ಮರುದಿನ ಉಳಿಯಿಂದ ಮಟ್ಟ ಮಾಡಿರಿ. ಈಗ ಆ ಗೂಟದ ನಡುವೆ ಸ್ಕ್ರೂವಿಗಿಂತ ಸಣ್ಣದಾದ ತೂತು ಕೊರೆದು ಸ್ಕ್ರೂ ತಿರುಗಿಸಿದರೆ ಹೊಸ ಮರದಲ್ಲಿ ಕೂತಂತೆ ಕೂರುತ್ತದೆ.

ಸಣ್ಣ ತೂತು ಕೊರೆಯದೆ ಸ್ಕ್ರೂವನ್ನು ಸುತ್ತಿಗೆಯಿಂದ ಬಡಿಯಕೂಡದು. ಬಡಿದ ಸ್ಕ್ರೂ ಮರದ ನಾರನ್ನು ಹರಿದು ಮೊಳೆಯಷ್ಟೇ ಹಿಡಿತ ಕೊಡುತ್ತದೆ. ಸಾಗುವಾನಿ, ಹೊನ್ನೆ, ಮತ್ತಿಯಂಥ ಮರಗಳಲ್ಲಿ ಸ್ಕ್ರೂ ಬಿಗಿಯಾಗಿ ಹೋಗುವುದರಿಂದ ಅದರ ಮರೆಗೆ ಸ್ವಲ್ಪ ಮೇಣ ಸವರಿರಿ. ಹಲವರು ಸಾಬೂನು ಹಚ್ಚುತ್ತಾರೆ. ಸಾಬೂನು ತೇವವನ್ನು ಹಿಡಿದಿಟ್ಟು ಸ್ಕ್ರೂವನ್ನು ತುಕ್ಕು ಹಿಡಿಸುತ್ತದೆ, ಬೇಡ.

ಯಾವ ಲೋಹ, ಯಾವ ಚಿಲಕ

ಅಂಗಡಿಯಲ್ಲಿ ಹಿತ್ತಾಳೆಯದು ಹೊಳೆಯುತ್ತದೆ, ತುಕ್ಕು ಹಿಡಿಯುವುದಿಲ್ಲ. ವಾಸದ ಮನೆಗೆ, ಅದರಲ್ಲಿಯೂ ಉಪ್ಪುಗಾಳಿಯ ಕರಾವಳಿಗೆ ಅದು ಒಳ್ಳೆಯದೇ. ಆದರೆ ದನದ ಕೊಟ್ಟಿಗೆಗೆ ಹಿತ್ತಾಳೆ ಸಲ್ಲದು. ಇದಕ್ಕೊಂದು ಸ್ವಾರಸ್ಯದ ಹಿನ್ನೆಲೆಯಿದೆ. ಬ್ರಿಟಿಷರ ಕಾಲದಲ್ಲಿ ಭಾರತದಲ್ಲಿದ್ದ ಸೈನ್ಯವು ಬಂದೂಕಿನ ಹಿತ್ತಾಳೆ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿತ್ತು. ಮಳೆಗಾಲದಲ್ಲಿ ಯಾರೂ ಮುಟ್ಟದೆ ಇದ್ದರೂ ಅವು ತಾವಾಗಿಯೇ ಬಿರುಕು ಬಿಡುತ್ತಿದ್ದವು. ಕುದುರೆಯ ಗಂಜಲದಿಂದ ಏಳುವ ಅಮೋನಿಯಾ ಅನಿಲವೇ ಇದಕ್ಕೆ ಕಾರಣವೆಂದು ಮೂರ್, ಬೆಕಿನ್‌ಸೇಲ್ ಮತ್ತು ಮ್ಯಾಲಿನ್ಸನ್ ಎಂಬುವರು ೧೯೨೧ರಲ್ಲಿ ವಿವರಿಸಿದರು. ಎಳೆದು ಬಡಿದು ರೂಪಿಸಿದ ಹಿತ್ತಾಳೆಯಲ್ಲಿ ಒಳಗೇ ಬಿಗಿತ ಉಳಿದಿರುತ್ತದೆ. ಅಮೋನಿಯಾ ಮತ್ತು ತೇವ ಸೇರಿದರೆ ಅದು ಒಡೆಯುತ್ತದೆ. ನಿಮ್ಮ ಕೊಟ್ಟಿಗೆಯಲ್ಲಿ ಬೆಳಗಿನ ಜಾವ ಕಣ್ಣಿಗೆ ಉರಿ ಬರಿಸುವ ವಾಸನೆ ಇದೇ ಅನಿಲದ್ದು. ಅಲ್ಲಿಗೆ ದಪ್ಪ ಕಬ್ಬಿಣದ ಚಿಲಕ ಹಾಕಿ, ವರ್ಷಕ್ಕೊಮ್ಮೆ ಬಣ್ಣ ಬಳಿಯಿರಿ.

ಇನ್ನೊಂದು ಮಾತು. ಹಿತ್ತಾಳೆ ಹಿಡಿಕೆಗೆ ಕಬ್ಬಿಣದ ಸ್ಕ್ರೂ ಹಾಕಬೇಡಿರಿ. ಎರಡು ಲೋಹಗಳು ತಾಗಿಕೊಂಡು ತೇವದಲ್ಲಿದ್ದರೆ ಕಬ್ಬಿಣವೇ ಬೇಗ ತಿಂದುಹೋಗುತ್ತದೆ. ಹಿಡಿಕೆ ಹೊಳೆಯುತ್ತಿರುತ್ತದೆ, ಒಂದು ದಿನ ಕೈಯಲ್ಲಿ ಬರುತ್ತದೆ.

ಹೊರಬಾಗಿಲಿಗೆ ಬೀಗ ಹಾಕುವ ಅಲ್‌ಡ್ರಾಪ್ ಚಿಲಕವನ್ನು ಕೊಳ್ಳುವಾಗ ಸಲಾಕೆಯ ದಪ್ಪ ನೋಡಿರಿ. ಅದನ್ನು ಬರಿಯ ಸ್ಕ್ರೂವಿನಿಂದ ಕೂರಿಸಿದರೆ ಕಳ್ಳನಿಗೆ ಬೀಗ ಒಡೆಯುವ ಶ್ರಮವಿಲ್ಲ, ಸ್ಕ್ರೂ ಬಿಚ್ಚಿದರೆ ಆಯಿತು. ಕದದ ಮೂಲಕ ಹಾಯುವ ಬೋಲ್ಟ್ ಹಾಕಿ, ವಾಷರು ಮತ್ತು ನಟ್ಟು ಒಳಗಡೆ ಬರುವಂತೆ ಬಿಗಿಯಿರಿ. ಹೊರಗೆ ಬೋಲ್ಟಿನ ಗುಂಡು ತಲೆ ಮಾತ್ರ ಕಾಣಬೇಕು. ದಿನಕ್ಕೆ ನೂರು ಸಲ ಎಳೆಯುವ ಹಿಡಿಕೆಗೂ ಇದೇ ಕ್ರಮ ಉತ್ತಮ. ಒಳಗಿನ ಟವರ್ ಬೋಲ್ಟಿಗೆ ಸ್ಕ್ರೂ ಸಾಕು, ಆದರೆ ಅದರ ಉದ್ದ ಕದದ ದಪ್ಪಕ್ಕಿಂತ ಕಡಿಮೆಯಿರಲಿ.

ಕೊಟ್ಟಿಗೆ, ಉಗ್ರಾಣ, ಔಷಧಿಯ ಕೋಣೆ

ದನಗಳು ನಾಲಿಗೆಯಿಂದ, ಕೊಂಬಿನಿಂದ ಅಗಳಿಯನ್ನು ಸರಿಸುವುದನ್ನು ಬೇಗ ಕಲಿಯುತ್ತವೆ. ಎಮ್ಮೆಯಂತೂ ಮೈ ಉಜ್ಜಿಯೇ ಸವೆದ ಅಗಳಿಯನ್ನು ಜಾರಿಸುತ್ತದೆ. ಆದ್ದರಿಂದ ಕೊಟ್ಟಿಗೆಗೆ ಅಡ್ಡಕ್ಕೆ ಜಾರುವ ಅಗಳಿಗಿಂತ, ತನ್ನ ತೂಕಕ್ಕೆ ತಾನೇ ಕೆಳಗೆ ಬೀಳುವ ಕೊಕ್ಕೆ ಅಥವಾ ಮೇಲಿನಿಂದ ಇಳಿಸುವ ಗೂಟ ಒಳ್ಳೆಯದು. ಅದನ್ನು ಹೊರಗಡೆ, ದನದ ಮುಖಕ್ಕೆ ಎಟುಕದಲ್ಲಿ ಹಾಕಿರಿ. ಸ್ಕ್ರೂವಿನ ಮೊನೆಯಾಗಲಿ, ಬೋಲ್ಟಿನ ಉಳಿದ ತುದಿಯಾಗಲಿ ಒಳಕ್ಕೆ ಚಾಚಿರಬಾರದು. ಕೆಚ್ಚಲು ಗೀರಿದರೆ ಹಾಲಿಗೂ ಸಂಚಕಾರ. ಚಾಚಿದ್ದನ್ನು ಹ್ಯಾಕ್ಸಾದಿಂದ ಕತ್ತರಿಸಿ ಅರದಿಂದ ಮೊಂಡು ಮಾಡಿರಿ.

ಕಾಳಿನ ಕೋಣೆಯ ಚಿಲಕ ಬದಲಾಯಿಸುವಾಗ ಕೆಳಗಿನ ಸಂದನ್ನೂ ನೋಡಿರಿ. ಚಿಕ್ಕ ಇಲಿ ಸುಮಾರು ೬ ಮಿ.ಮೀ. ಸಂದಿನಲ್ಲಿಯೇ ತೂರುತ್ತದೆ, ಹೆಗ್ಗಣಕ್ಕೆ ಅದಕ್ಕಿಂತ ದೊಡ್ಡದು ಬೇಕು. ಚಿಲಕ ಬಿದ್ದಾಗ ಕದ ಚೌಕಟ್ಟಿಗೆ ಪೂರ್ತಿ ಒತ್ತಿಕೊಂಡಿರಬೇಕು. ಕದದ ಕೆಳಗಿನ ಒಂದು ಗೇಣನ್ನು ಎರಡೂ ಕಡೆ ತಗಡಿನಿಂದ ಹೊದಿಸಿದರೆ ಇಲಿಯ ಹಲ್ಲಿಗೆ ಮರ ಸಿಗುವುದಿಲ್ಲ.

ಇನ್ನು ಕೀಟನಾಶಕ ಇಡುವ ಕಪಾಟು. ಇದರ ಚಿಲಕವನ್ನು ಮಾತ್ರ ನಾಳೆಗೆ ತಳ್ಳಬೇಡಿರಿ. ನೂಕಿದರೆ ತೆರೆಯುವ ಕಪಾಟಿನ ಒಳಗೆ ಬಣ್ಣದ ಬಾಟಲಿಗಳಿದ್ದರೆ ನಾಲ್ಕು ವರ್ಷದ ಮಗುವಿಗೆ ಅದು ಆಟದ ಸಾಮಾನು. ಮೇಲೆ ಹೇಳಿದಂತೆ ಬೋಲ್ಟ್ ಹಾಕಿದ ಕೊಂಡಿ, ಅದಕ್ಕೊಂದು ಬೀಗ, ನೆಲದಿಂದ ಐದು ಅಡಿ ಎತ್ತರದಲ್ಲಿ ಇರಲಿ. ಮಗು ಮಣೆಯೋ ಡಬ್ಬವೋ ಇಟ್ಟು ಹತ್ತಬಲ್ಲದು, ಆದ್ದರಿಂದ ಎತ್ತರವೊಂದನ್ನೇ ನಂಬಬೇಡಿರಿ. ಬೀಗದ ಕೈ ಕಪಾಟಿನ ಪಕ್ಕದ ಮೊಳೆಗೆ ನೇತಾಡುತ್ತಿರಬಾರದು. ಅದು ಮನೆಯ ಹಿರಿಯರೊಬ್ಬರ ಸೊಂಟದಲ್ಲಿಯೋ ಜೇಬಿನಲ್ಲಿಯೋ ಇರಲಿ.