ಬಸವನ ಬಾಯಿಗೆ ಬರುವ ಮುನ್ನ

ಕೋಲಾರ ಸೀಮೆಗೆ ಜೀವನದಿಯೆಂಬುದಿಲ್ಲ. ಪಾಲಾರ್ ಹೊಳೆ ಈ ಪ್ರಾಂತದಲ್ಲಿಯೇ ಹುಟ್ಟುವುದಾದರೂ ಮಳೆಗಾಲ ಕಳೆದ ಮೇಲೆ ಅದರ ಪಾತ್ರದಲ್ಲಿ ಕಾಣುವುದು ಬಹುಮಟ್ಟಿಗೆ ಮರಳೇ. ಆದಕಾರಣವೇ ನಮ್ಮ ಪೂರ್ವಿಕರು ಊರೂರಿಗೂ ಕೆರೆ ಕಟ್ಟಿ, ಮೇಲಿನದರ ಕೋಡಿಯ ನೀರು ಕೆಳಗಿನದಕ್ಕೆ ಇಳಿಯುವಂತೆ ಏರ್ಪಡಿಸಿ, ಆಕಾಶದಿಂದ ಬಿದ್ದುದನ್ನು ನೆಲದ ಮೇಲೆ ತಡೆದು ಬಾಳಿದರು. ಇಂಥ ನಾಡಿನಲ್ಲಿ, ಕೋಲಾರ ಪೇಟೆಯ ಪಶ್ಚಿಮಕ್ಕಿರುವ ಶತಶೃಂಗ ಪರ್ವತದ ಇಳಿಜಾರಿನಲ್ಲಿ, ಯಾರೂ ತೋಡದ, ಯಾವ ಯಂತ್ರವೂ ಮೇಲೆತ್ತದ ನೀರು ತಾನಾಗಿ ಹೊಮ್ಮುವುದನ್ನು ಕಂಡವರು ಅದಕ್ಕೆ ಅಂತರಗಂಗೆಯೆಂದು ಹೆಸರಿಟ್ಟು, ಅಲ್ಲಿ ಕಾಶೀ ವಿಶ್ವೇಶ್ವರನನ್ನು ಪ್ರತಿಷ್ಠಿಸಿ ಪೂಜಿಸತೊಡಗಿದುದು ಸಹಜವೇ ಸರಿ.

ಕಲ್ಲುಮೆಟ್ಟಿಲುಗಳನ್ನೇರಿ, ಕೋತಿಗಳ ಹಿಂಡಿನಿಂದ ಕೈಚೀಲವನ್ನು ಕಾಪಾಡಿಕೊಂಡು ಮೇಲೆ ಸೇರಿದರೆ, ಕಲ್ಲಿನ ಬಸವನ ಬಾಯಿಂದ ನೀರು ಕಲ್ಯಾಣಿಗೆ ಬೀಳುತ್ತಿರುವುದು ಕಾಣುತ್ತದೆ. ಭಕ್ತರು ತಲೆಗೆ ಪ್ರೋಕ್ಷಿಸಿಕೊಳ್ಳುವುದೂ, ಬಾಯಾರಿದವರು ಬೊಗಸೆಯೊಡ್ಡುವುದೂ, ಸುತ್ತಿನ ಜನ ಬಿಂದಿಗೆ, ಕ್ಯಾನುಗಳನ್ನು ತುಂಬಿ ಮನೆಗೆ ಒಯ್ಯುವುದೂ ಅದೊಂದೇ ಧಾರೆಯಿಂದ. ಇದು ಕಾಶಿಯ ಗಂಗೆಯೇ ಭೂಗರ್ಭದಲ್ಲಿ ಹರಿದುಬಂದುದೆಂದು ಆಸ್ತಿಕರು ನಂಬುತ್ತಾರೆ. ನೀರು ಕಣ್ಣಿಗೆ ಕಾಣದ ಹಾದಿಯಲ್ಲಿ ಬಹುಕಾಲ ಸಂಚರಿಸಿ ಇಲ್ಲಿಗೆ ಬರುತ್ತದೆಂಬ ಅಂಶದಲ್ಲಿ ಆ ನಂಬಿಕೆಗೂ ಶಾಸ್ತ್ರಕ್ಕೂ ಭೇದವಿಲ್ಲ. ಹಾದಿ ಹೊರಡುವ ಸ್ಥಾನ ಮಾತ್ರ ಬೇರೆ. ಅದು ಬಸವನ ಬೆನ್ನಹಿಂದಿನ ಬೆಟ್ಟದ ನೆತ್ತಿಯೇ.

ಈ ಬೆಟ್ಟದ ಶಿಲೆ ಸುಮಾರು 250 ಕೋಟಿ ವರ್ಷಗಳಷ್ಟು ಪ್ರಾಚೀನವಾದ ಗ್ರಾನೈಟ್ ಜಾತಿಯದು. ಆಳದಲ್ಲಿ, ಅಪಾರ ಭಾರದ ಕೆಳಗೆ ಘನೀಭವಿಸಿದ ಬಂಡೆಯು, ಮೇಲಣ ಪದರಗಳು ಯುಗಯುಗಾಂತರಗಳಲ್ಲಿ ಸವೆದು ಹೋದಂತೆ ಭಾರ ಕಳೆದುಕೊಂಡು ಹಿಗ್ಗಿ, ಇಳಿಜಾರಿಗೆ ಸಮಾನಾಂತರವಾಗಿ ಪದರ ಪದರವಾಗಿ ಬಿರಿಯಿತು. ಅಡ್ಡಲಾಗಿಯೂ ಸೀಳುಗಳು ಮೂಡಿದವು. ಗಾಳಿಯ ಇಂಗಾಲಾಮ್ಲವನ್ನು ಹೀರಿ ಕಿಂಚಿತ್ ಆಮ್ಲೀಯವಾದ ಮಳೆನೀರು ಆ ಸೀಳುಗಳೊಳಗೆ ಇಳಿದು, ಶಿಲೆಯ ಫೆಲ್ಡ್‌ಸ್ಪಾರ್ ಖನಿಜವನ್ನು ಜೇಡಿಯಾಗಿಸುತ್ತ, ಕರಗದ ಬೆಣಚುಕಲ್ಲಿನ ಹರಳುಗಳನ್ನು ಮರಳಾಗಿ ಉಳಿಸುತ್ತ, ತನ್ನ ಹಾದಿಯನ್ನು ತಾನೇ ಅಗಲಿಸಿಕೊಂಡಿತು. ಗಟ್ಟಿ ಗ್ರಾನೈಟಿನ ಒಡಲಲ್ಲಿ ನೀರಿಗೆ ಎಡೆಯಿಲ್ಲ. ಶಿಥಿಲವಾದ ಮೇಲ್ಪದರವೂ ಈ ಬಿರುಕುಗಳೂ ಅದರ ಸಮಸ್ತ ಉಗ್ರಾಣ. ವರ್ಷಕ್ಕೆ ಸುಮಾರು 700 ಮಿಲಿಮೀಟರಿನಷ್ಟು ಮಾತ್ರ ಸುರಿಯುವ ಇಲ್ಲಿನ ಮಳೆಯಲ್ಲಿ ಒಂದಂಶವು, ಹಳ್ಳಿ ಹೊಲಗಳನ್ನೂ ಹೊತ್ತಿರುವ ಬೆಟ್ಟದ ಮೇಲಣ ಹರವಿನಲ್ಲಿ ಇಂಗಿ, ಮೆಲ್ಲನೆ ಕೆಳಗಿಳಿದು, ಮುಂದೆ ದಾರಿಯೀಯದ ಗಟ್ಟಿ ಬಂಡೆಯನ್ನು ಸಂಧಿಸಿ, ಅದರ ಮೈಮೇಲೆಯೇ ಜಾರುತ್ತ ಇಳಿಜಾರಿನಲ್ಲಿ ಬಯಲಿಗೆ ಬೀಳುತ್ತದೆ. ಮಳೆ ನಿಂತ ಮೇಲೆಯೂ ಧಾರೆ ನಿಲ್ಲದಿರುವುದಕ್ಕೆ ಈ ಮಂದಗತಿಯೇ ಕಾರಣ.

ನಿಸರ್ಗವು ಇಷ್ಟು ಮಾಡಿತು. ಉಳಿದುದನ್ನು ಮಾಡಿದವನು ಅಜ್ಞಾತನಾದ ಕಲ್ಲುಕುಟಿಗ. ಬಂಡೆಯ ಮೇಲೆ ಹರಡಿಹೋಗುವ ಜಿನುಗನ್ನು ಒಂದೆಡೆ ಕೂಡಿಸಿ, ಕೊಡ ಹಿಡಿಯುವಷ್ಟು ಎತ್ತರದಿಂದ ಬೀಳಿಸಿ, ಹೆಚ್ಚಾದುದು ವ್ಯರ್ಥವಾಗದಂತೆ ಕೊಳದಲ್ಲಿ ನಿಲ್ಲಿಸಿದ ಆತನ ಯುಕ್ತಿ ಅಸಾಮಾನ್ಯವಾದುದು. ಕುಡಿಯುವ ನೀರನ್ನು ಮಿಂದ ನೀರಿನಿಂದ ಬೇರ್ಪಡಿಸುವ ಆರೋಗ್ಯಸೂತ್ರವನ್ನು ಒಂದು ಶಿಲ್ಪದ ಮುಖದಿಂದಲೇ ಸಾಧಿಸಿದವನಿಗೆ ನಾನು ಮನಸಾರೆ ನಮಿಸುತ್ತೇನೆ.

ಇದೇ ಶಿಲೆಯ ಆಳವನ್ನು ಕೆದಕಿದವರಿಗೆ ದೊರೆತುದು ಬೇರೆ ಬಗೆಯ ನೀರು. ಕೆರೆಗಳು ಹೂಳು ತುಂಬಿ, ಬಾವಿಗಳು ಬತ್ತಿ, ಕೊಳವೆಬಾವಿಗಳು ಸಾವಿರ ಅಡಿ ದಾಟಿದಾಗ, ದೀರ್ಘಕಾಲ ಬಂಡೆಯೊಡನೆ ನಿಂತು ಅದರ ಫ್ಲೋರೈಡನ್ನು ಕರಗಿಸಿಕೊಂಡ ನೀರು ಮೇಲೆ ಬಂದಿತು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಫ್ಲೋರೈಡು ಮಕ್ಕಳ ಹಲ್ಲನ್ನು ಕಲೆಗೊಳಿಸುತ್ತದೆ. ಪ್ರಮಾಣ ಇನ್ನೂ ಏರಿ, ವರ್ಷಗಟ್ಟಲೆ ಕುಡಿದರೆ ಎಲುಬನ್ನೂ ಕೆಡಿಸುತ್ತದೆ. ಇದು ಕೋಲಾರದ ಅನೇಕ ಹಳ್ಳಿಗಳ ಸಂಕಟ. 2018ರಿಂದ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆನೀರನ್ನು ಇಲ್ಲಿನ ಕೆರೆಗಳಿಗೆ ಹರಿಸುವ ಸ್ಥಿತಿಯೂ ಬಂದಿತು.

ಹೀಗಿರುವಲ್ಲಿ ಊಟೆಯನ್ನು ಕಾಯುವುದೆಂದರೆ ಬಸವನಿಗೆ ಸುಣ್ಣ ಬಳಿಯುವುದಲ್ಲ. ನೀರನ್ನು ಇಂಗಿಸುವುದು ಮೇಲಣ ಕುರುಚಲು ಕಾಡು, ಹುಲ್ಲು, ಮಣ್ಣು. ಅವು ಹೋದರೆ ಮಳೆ ಬಂಡೆಯ ಮೇಲೆ ಓಡಿಹೋಗುತ್ತದೆ. ಬಂಡೆಯಿಂದ ಬಂದ ಮಾತ್ರಕ್ಕೆ ನೀರು ನಿರ್ದೋಷವೆಂದು ಭಾವಿಸುವುದೂ ತಪ್ಪು: ಮೇಲೆ ಎಸೆದ ಕಸದ ಕಲ್ಮಷ ಅದೇ ಬಿರುಕುಗಳಲ್ಲಿ ಇಳಿಯುತ್ತದೆ. ಆದುದರಿಂದ ಅಲ್ಲಿಗೆ ಹೋಗುವ ವಾಚಕರಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ಧಾರೆಯ ನೀರನ್ನು ಕುದಿಸಿಯೇ ಕುಡಿಯಿರಿ, ಕಲ್ಯಾಣಿಯಿಂದ ಮೇಲಕ್ಕೆ ಗುಹೆಗಳ ಕಡೆಗೆ ಚಾರಣ ಹೊರಟಾಗ ಒಯ್ದ ಪ್ಲಾಸ್ಟಿಕ್ಕನ್ನೆಲ್ಲ ಮರಳಿ ತನ್ನಿರಿ, ಆ ಕುರುಚಲು ಕಾಡಿಗೆ ಬೆಂಕಿ ಬೀಳದಂತೆ ನೋಡಿಕೊಳ್ಳಿರಿ.