ಸೋಡಿ ಮತ್ತು ಲಾಭ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಇವು ವಿಜಯಪುರ ಜಿಲ್ಲೆಯ ತಾಲ್ಲೂಕು ಕೇಂದ್ರಗಳು. ಸುತ್ತಲಿನ ಹಳ್ಳಿಗಳ ರೈತರು ಲಿಂಬೆ, ತೊಗರಿ, ಜೋಳಗಳನ್ನು ಮಾರಿ, ಬಂದ ಹಣದಲ್ಲಿ ಇಂತಹ ಊರುಗಳಲ್ಲಿಯೇ ಬಟ್ಟೆಬರೆ ಕೊಳ್ಳುತ್ತಾರೆ. ಇಂಡಿಯ ಲಿಂಬೆ 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದಿದೆ. ಆದರೂ ಹರಾಜಿನಲ್ಲಿ ಲಿಂಬೆಗೆ ಬೆಲೆ ಕಟ್ಟುವವನು ಕೊಳ್ಳುವವನು. ಅಂಗಡಿಯಲ್ಲಿ ಬಟ್ಟೆಗೆ ಬೆಲೆ ಕಟ್ಟುವವನು ಮಾರುವವನು. ಆದುದರಿಂದ ಬೆಲೆಯ ಲೆಕ್ಕವನ್ನು ಅರಿಯುವುದು ರೈತನ ಮನೆಯ ಮಕ್ಕಳಿಗೆ ಅತ್ಯಗತ್ಯ.

ವ್ಯಾಪಾರಿಯು ಸರಕಿಗೆ ತೆತ್ತ ಹಣ ಕೊಂಡ ಬೆಲೆ. ಚೀಟಿಯಲ್ಲಿ ಬರೆದುದು ನಮೂದಿಸಿದ ಬೆಲೆ. ಅದರಲ್ಲಿ ಬಿಟ್ಟುಕೊಡುವ ರಿಯಾಯಿತಿಯೇ ಸೋಡಿ. ಸೋಡಿಯನ್ನು ಕಳೆದು ಉಳಿದದ್ದು ಮಾರಿದ ಬೆಲೆ. ಸೋಡಿಯನ್ನು ನಮೂದಿಸಿದ ಬೆಲೆಯ ಮೇಲೆಯೂ, ಲಾಭವನ್ನು ಕೊಂಡ ಬೆಲೆಯ ಮೇಲೆಯೂ ಲೆಕ್ಕ ಹಾಕುತ್ತಾರೆ ಎಂಬುದನ್ನು ನೆನಪಿನಲ್ಲಿಡಬೇಕು.

ಸಿಂದಗಿಯ ಒಂದು ಅಂಗಡಿಯಲ್ಲಿ ಸೀರೆಯ ನಮೂದಿಸಿದ ಬೆಲೆ 1200 ರೂಪಾಯಿ, ಸೋಡಿ ಶೇಕಡಾ 10, ವ್ಯಾಪಾರಿಯ ಲಾಭ ಶೇಕಡಾ 20 ಎಂದು ಭಾವಿಸೋಣ. ಸೋಡಿ 120 ರೂಪಾಯಿ; ಮಾರಿದ ಬೆಲೆ 1080 ರೂಪಾಯಿ. ಕೊಂಡ ಬೆಲೆ 100 ಆದರೆ ಮಾರಿದ ಬೆಲೆ 120 ಆಗುತ್ತದೆ. ಆದ್ದರಿಂದ ಕೊಂಡ ಬೆಲೆ 1080 × 100 ÷ 120 = 900 ರೂಪಾಯಿ. 900ಕ್ಕೆ ಅದರ ಶೇಕಡಾ 20, ಅಂದರೆ 180, ಕೂಡಿಸಿದರೆ 1080 ಬರುತ್ತದೆ, ಲೆಕ್ಕ ಸರಿಯಾಗಿದೆ. 10 ಮತ್ತು 20ನ್ನು ಕೂಡಿಸಿ 1200ರಲ್ಲಿ ಶೇಕಡಾ 30 ಕಳೆದರೆ 840 ಬರುತ್ತದೆ. ಇದು ತಪ್ಪು, ಏಕೆಂದರೆ ಈ ಎರಡು ಶೇಕಡಾಗಳು ಬೇರೆ ಬೇರೆ ಮೊತ್ತಗಳಿಗೆ ಸೇರಿದವು.

ಈ ಭೇದವನ್ನು ಮರೆತರೆ ವ್ಯಾಪಾರಿಗೂ ಹಾನಿ. ಮುದ್ದೇಬಿಹಾಳದ ವ್ಯಾಪಾರಿಯೊಬ್ಬನು 100 ರೂಪಾಯಿಯ ಸರಕಿಗೆ ಶೇಕಡಾ 20 ಏರಿಸಿ 120 ಎಂದು ನಮೂದಿಸಿ, ಶೇಕಡಾ 20 ಸೋಡಿ ಕೊಟ್ಟನೆನ್ನಿ. ಸೋಡಿ 24 ರೂಪಾಯಿ. ಅವನ ಕೈಗೆ ಬರುವುದು 96 ಮಾತ್ರ. ಅಸಲಿನಲ್ಲಿಯೇ 4 ರೂಪಾಯಿ ನಷ್ಟ.

ಇನ್ನು ಗ್ರಾಹಕನ ಮಾತು. ಬಸವನ ಬಾಗೇವಾಡಿಯಲ್ಲಿ 400 ರೂಪಾಯಿಗೆ ಕೊಂಡ ಕಂಬಳಿಗೆ 1000 ಎಂದು ನಮೂದಿಸಿ ಅರ್ಧ ಬೆಲೆಗೆ ಮಾರಿದರೂ ವ್ಯಾಪಾರಿಗೆ 100 ರೂಪಾಯಿ, ಎಂದರೆ ಶೇಕಡಾ 25 ಲಾಭ ಉಳಿಯುತ್ತದೆ. ಸೋಡಿ ಹೆಚ್ಚಾದ ಮಾತ್ರಕ್ಕೆ ಸರಕು ಅಗ್ಗವಾಗುವುದಿಲ್ಲ. ಕೊನೆಗೆ ತೆರಬೇಕಾದ ಹಣವೆಷ್ಟು, ಅದೇ ಸರಕಿಗೆ ಪಕ್ಕದ ಅಂಗಡಿಯ ಬೆಲೆಯೆಷ್ಟು ಎಂದು ವಿಚಾರಿಸಿ ಕೊಳ್ಳುವವನೇ ಜಾಣ.